ಮೀನಿನ ಪಾಪು ಎಲ್ಲಿರುತ್ತೆ?

ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೆ ಹೋದವರೆಲ್ಲ ಮಾಡೋದು ಒಂದೇ ಕೆಲಸ. ಸಿದ್ಧಿವಿನಾಯಕನಿಗೆ ಕೈ ಮುಗಿದು, ಮಂಡಕ್ಕಿ ಪೊಟ್ಟಣ ಹಿಡಿದು ತುಂಗೆಯ ದಡಕ್ಕಿಳಿದು, ನೀರಿಗೆ ಒಂದು ಹಿಡಿ ಎಸೆಯೋದು. ಎಸೆದ ಮರುಕ್ಷಣ ನೀರು ಕುದಿಯುತ್ತೆ. ಮೊಳದುದ್ದದ, ಮಾರುದ್ದದ ಮಶೀರ್ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಎಲ್ಲರ ಫೋನೂ ಹೊರಗೆ ಬರುತ್ತೆ. ನನ್ನದೂ ಬಂತು.

ಕಳೆದ ಜೂನ್ ಮೊದಲ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ. ಬೆಂಗಳೂರಿಂದ ರಾತ್ರಿ ಬಸ್ಸಿಗೆ ಬಂದು, ಬೆಳಗ್ಗೆ ಚಿಕ್ಕಪ್ಪನ ಮನೆಯಲ್ಲಿ ಕಡುಬು ತಿಂದು, ಅಕ್ಕನ ಐದು ವರ್ಷದ ಮಗನನ್ನು ಕರಕೊಂಡು ಅಲ್ಲಿಗೆ ಹೋಗಿದ್ದೆ. ಅವನು ಸ್ವಲ್ಪ ಹೊತ್ತು ಚಪ್ಪಾಳೆ ತಟ್ಟಿದ. ಆಮೇಲೆ ಸುಮ್ಮನಾಗಿ ಕೇಳಿದ: 'ಮಾಮ, ಎಲ್ಲಾ ದೊಡ್ಡೋರೇ ಇದ್ದಾರಲ್ಲ, ಇವರ ಪಾಪುಗಳು ಎಲ್ಲಿ?'

ಉತ್ತರ ನನಗೆ ಗೊತ್ತಿರಲಿಲ್ಲ. 'ಮನೇಲಿರ್ತಾವೆ' ಅಂದೆ. 'ಮೀನಿನ ಮನೆ ಎಲ್ಲಿ?' ಅಂದ. ಅದಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದ ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ, ನಗುತ್ತಾ ನಿಂತಿದ್ದಳು. ಅವಳು ಓದುತ್ತಿರೋದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. 1969ರಲ್ಲಿ ಶುರುವಾದ ಅದು ದೇಶದ ಮೊದಲ ಮೀನುಗಾರಿಕಾ ಕಾಲೇಜು ಅನ್ನೋದೂ ಅವಳಿಂದಲೇ ತಿಳಿದಿದ್ದು. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಬಿಟ್ಟು ಬೇರೆ ಓದಿದ ಮೊದಲ ಮನುಷ್ಯಳು. 'ಮನೆಗೆ ಹೋಗಿ ಒಂದು ಬಿಳಿ ತಟ್ಟೆ ತಗೊಳಣ, ತೋರಿಸ್ತೀನಿ' ಅಂದಳು.

ಬಿಳಿ ತಟ್ಟೆ, ಒಂದು ಸೌಟು ನೀರು

ಚಿಕ್ಕಪ್ಪನ ತೋಟದ ಕೆಳಗೆ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು, ಮಳೆಗಾಲದಲ್ಲಿ ಸೊಂಟ ದಾಟುತ್ತೆ. ಅದು ಗದ್ದೆ ಬಯಲಿನ ಅಂಚು ಸುತ್ತಿಕೊಂಡು ಹೋಗಿ ತುಂಗೆ ಸೇರುತ್ತೆ. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯೆಲ್ಲ ಕಳೆದದ್ದು ಆ ಹಳ್ಳದಲ್ಲೇ. ಅಲ್ಲಿ ಏನೇನಿದೆ ಅಂತ ನನಗೆ ಪೂರ್ತಿ ಗೊತ್ತು ಅಂದುಕೊಂಡಿದ್ದೆ.

ತಂಗಿ ದಡದ ಹುಲ್ಲಿನ ಬುಡದಲ್ಲಿ, ಹರಿವಿಲ್ಲದ ಒಂದು ಮೂಲೆಯಿಂದ ಸೌಟಿನಲ್ಲಿ ನೀರು ತೆಗೆದು ತಟ್ಟೆಗೆ ಸುರಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಎರಡು ಕಪ್ಪು ಚುಕ್ಕಿ ಜೋಡಿಯಾಗಿ ಓಡಿದವು. 'ಅದು ಕಣ್ಣು' ಅಂದಳು. ಕಣ್ಣಿನ ಹಿಂದೆ ಒಂದು ಮೈ ಇತ್ತು, ಆದರೆ ಅದು ಗಾಜು. ತಟ್ಟೆಯ ಬಿಳಿ ಅದರ ಮೂಲಕವೇ ಕಾಣುತ್ತಿತ್ತು. ಪಕ್ಕದಲ್ಲಿ ನಾಲ್ಕೈದು ಕಪ್ಪಗಿನ ದಪ್ಪ ತಲೆಗಳು ಬಾಲ ಅಲ್ಲಾಡಿಸುತ್ತಿದ್ದವು.

'ಇವು ಮೀನು ಮರಿ' ಅಂತ ನಾನು ಆ ಕಪ್ಪು ತಲೆಗಳನ್ನು ತೋರಿಸಿ ಹುಡುಗನಿಗೆ ಹೇಳಿದೆ.

'ಅದು ಕಪ್ಪೆ ಮರಿ, ಮಾರಾಯ!' ಅಂದಳು ತಂಗಿ. 'ಮೂವತ್ತು ವರ್ಷ ಆಯ್ತು ನಿಂಗೆ.'

ಅವಳು ಹೇಳಿಕೊಟ್ಟ ಮೊದಲ ಪಾಠ ಇದು. ತಲೆ ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಶುರು ಅಂತ ಗೊತ್ತಾಗದ ಒಂದೇ ಉಂಡೆ, ಅದಕ್ಕೊಂದು ಬಾಲ ಇದ್ದರೆ ಕಪ್ಪೆ ಮರಿ. ಕಡ್ಡಿಯಂತೆ ಉದ್ದ ಮೈ, ಅದರ ತುದಿಯಲ್ಲಿ ದೊಡ್ಡ ಕಣ್ಣು ಇದ್ದರೆ ಮೀನು. ಇಪ್ಪತ್ತು ವರ್ಷ ಹಳ್ಳದಲ್ಲಿ ಆಡಿದವನು ನಾನು ಕಪ್ಪೆಗಳನ್ನೇ ಮೀನು ಅಂದುಕೊಂಡು, ನಿಜವಾದ ಮೀನು ಮರಿಗಳನ್ನು ನೋಡದೇ ಇದ್ದೆ.

ಮೀನು ಮರಿ ಗುರುತಿಸೋದು ಯಾಕೆ ಕಷ್ಟ ಅಂತ ಅವಳು ದಾರಿಯುದ್ದಕ್ಕೂ ಹೇಳಿದಳು. ನಾಯಿಮರಿ ನಾಯಿಯ ಹಾಗೇ ಇರುತ್ತೆ, ಹಸುವಿನ ಕರು ಹಸುವಿನ ಹಾಗೇ ಇರುತ್ತೆ. ಮೀನು ಹಾಗಲ್ಲ. ಕಾಟ್ಲಾ, ರೋಹು ಜಾತಿಯ ಮೊಟ್ಟೆ ಬೆಚ್ಚಗಿನ ನೀರಲ್ಲಿ ಹದಿನಾಲ್ಕರಿಂದ ಹದಿನೆಂಟು ಗಂಟೆಯೊಳಗೆ ಒಡೆಯುತ್ತೆ. ಹೊರಗೆ ಬಂದಿದ್ದಕ್ಕೆ ಬಾಯಿ ತೆರೆಯಲು ಬರೋದಿಲ್ಲ, ರೆಕ್ಕೆ ಬೇರೆಬೇರೆಯಾಗಿರೋದಿಲ್ಲ, ಮೈ ಸುತ್ತ ಒಂದೇ ತೆಳು ಪೊರೆ. ಹೊಟ್ಟೆಗೆ ಹಳದಿ ಲೋಳೆಯ ಚೀಲ ಕಟ್ಟಿಕೊಂಡಿರುತ್ತೆ, ಅದೇ ಬುತ್ತಿ. ಸುಮಾರು ಮೂರು ದಿನಕ್ಕೆ ಬುತ್ತಿ ಖಾಲಿ, ಅಷ್ಟರಲ್ಲಿ ಬಾಯಿ ತೆರೆದಿರಬೇಕು. ಆಮೇಲೆ ಎರಡು ಮೂರು ವಾರದಲ್ಲಿ ಒಂದು ಇಂಚು. ಎರಡು ಮೂರು ತಿಂಗಳಿಗೆ ಬೆರಳುದ್ದ. ಈ ಪ್ರತಿ ಹಂತದಲ್ಲೂ ಅದರ ವೇಷ ಬೇರೆ. ಪಶ್ಚಿಮಕ್ಕೆ ಹರಿಯುವ ಹೊಳೆಗಳಲ್ಲಿರುವ ಒಂದು ಉದ್ದರೆಕ್ಕೆಯ ಬಾರ್ಬ್ ಮೀನಿಗೆ ಚಿಕ್ಕದಿದ್ದಾಗ ಮೈಮೇಲೆ ಅಡ್ಡಪಟ್ಟೆ ಇರುತ್ತಂತೆ. ದೊಡ್ಡದಾದ ಮೇಲೆ ಬಾಲದ ಹತ್ತಿರ ಒಂದು ಕಪ್ಪು ಬೊಟ್ಟು ಮಾತ್ರ ಉಳಿಯುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಜಾತಿ ಅಂತ ನಾವು ನಂಬೋದಿಲ್ಲ.

'ಹಾಗಾದ್ರೆ ಗುರುತು ಹಿಡಿಯೋದು ಹೇಗೆ?' ಅಂದೆ.

'ಬದಲಾಗದೇ ಇರೋದನ್ನ ಹುಡುಕಬೇಕು.'

ಮೀನು ಸಾರು ತಿನ್ನುವಾಗ ಮಾಂಸ ಪದರ ಪದರವಾಗಿ ಬಿಡುತ್ತಲ್ಲ, ಆ ಪದರಗಳು ಗಾಜಿನಂಥ ಮರಿಯಲ್ಲೂ ಇರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಮೈಯುದ್ದಕ್ಕೂ ಬಾಣದ ಗುರುತು ಬರೆದ ಹಾಗೆ ಕಾಣುತ್ತೆ. ಒಂದು ಜಾತಿಯಲ್ಲಿ ಅವುಗಳ ಸಂಖ್ಯೆ ಹೆಚ್ಚುಕಮ್ಮಿ ನಿಗದಿ, ಬೆನ್ನುಮೂಳೆಯ ಮಣಿಗಳ ಲೆಕ್ಕಕ್ಕೆ ಹತ್ತಿರ. ಗುದದ್ವಾರಕ್ಕಿಂತ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಎಣಿಸಬೇಕು. ಆಮೇಲೆ ಬಣ್ಣದ ಚುಕ್ಕಿಗಳು ಎಲ್ಲಿ ಮೊದಲು ಬಂದವು, ರೆಕ್ಕೆಯ ಕಡ್ಡಿಗಳು ಎಷ್ಟು, ಮೀಸೆ ಇದೆಯಾ ಇಲ್ವಾ, ಬಾಯಿ ಮೇಲಕ್ಕಾ ಕೆಳಕ್ಕಾ. ನನಗೆ ಆಫೀಸಿನಲ್ಲಿ ಯಾರೋ ಬರೆದು ಬಿಟ್ಟುಹೋದ ಹಳೇ ಕೋಡ್ ಓದೋದು ನೆನಪಾಯ್ತು. ಹೆಸರು ನಂಬಬಾರದು, ಎಣಿಸಿ ನೋಡಬೇಕು.

ನಾನು ಆ ಗಾಜಿನ ಮರಿಯ ಫೋಟೊ ತೆಗೆದು, ಜೀವಿಗಳನ್ನು ಗುರುತಿಸೋ ಒಂದು ಆ್ಯಪ್‌ಗೆ ಹಾಕಿದೆ. 'ಗೋಲ್ಡ್ ಫಿಶ್' ಅಂತ ಬಂತು. ತಂಗಿ ನಕ್ಕು ತಟ್ಟೆಯನ್ನು ಹಳ್ಳಕ್ಕೆ ಬಗ್ಗಿಸಿದಳು.

ಹೆಸರಿಲ್ಲದ ದೊಡ್ಡ ಮೀನು

ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅವಳು ಒಂದು ಕಥೆ ಹೇಳಿದಳು. ಕಾವೇರಿಯಲ್ಲಿ ಗೂನುಬೆನ್ನಿನ ಮಶೀರ್ ಇದೆ. ಬ್ರಿಟಿಷರ ಕಾಲದಿಂದ ಗಾಳ ಹಾಕುವವರಿಗೆಲ್ಲ ಅದು ಗೊತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಶೀರ್ ಹಿಡಿದದ್ದು ಇವತ್ತಿಗೂ ಮಾತಾಡೋ ದಾಖಲೆ. ಅಂದರೆ ಸುಮಾರು 54 ಕೆ.ಜಿ. ಅಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಮಾತ್ರ ಇರಲಿಲ್ಲ!

ಇತ್ತ ಕೇರಳದಲ್ಲಿ ಪಾಂಬಾರ್ ಅಂತ ಒಂದು ನದಿ. ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿ ಸೇರುವ ನೀರು ಅದು. ಅಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ ವಿಜ್ಞಾನಿಗಳು ಟಾರ್ ರೆಮಾದೇವಿ ಅಂತ ಒಂದು ಹೊಸ ಜಾತಿ ಹೆಸರಿಸಿದ್ದರು. ಅವು ಇನ್ನೂ ಬೆಳೆಯದ ಮೀನುಗಳು. 2018ರಲ್ಲಿ ಸಂಶೋಧಕರು ಎರಡನ್ನೂ ಹೋಲಿಸಿ ನೋಡಿದಾಗ ಗೊತ್ತಾಯ್ತು: ಕಾವೇರಿಯ ದೈತ್ಯ ಬೇರೆಯಲ್ಲ, ಪಾಂಬಾರಿನ ಮರಿ ಬೇರೆಯಲ್ಲ. ಅದೇ ವರ್ಷ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

'ಅಪ್ಪನ ಫೋಟೊ ಒಂದು ಆಲ್ಬಮ್‌ನಲ್ಲಿ, ಮಗನ ಫೋಟೊ ಇನ್ನೊಂದು ಆಲ್ಬಮ್‌ನಲ್ಲಿ ಇತ್ತು. ಒಂದೇ ಮನೆಯವರು ಅಂತ ಯಾರಿಗೂ ಗೊತ್ತಾಗಲಿಲ್ಲ' ಅಂದಳು.

ಇನ್ನೂ ಒಂದು ವಿಷಯ. ಕಾವೇರಿಯಲ್ಲಿ ಮಶೀರ್ ಕಡಿಮೆಯಾಗ್ತಿದೆ ಅಂತ, ಒಳ್ಳೇ ಮನಸ್ಸಿನಿಂದಲೇ, ಹ್ಯಾಚರಿಯಲ್ಲಿ ಬೆಳೆಸಿದ ಮಶೀರ್ ಮರಿಗಳನ್ನು ವರ್ಷಗಟ್ಟಲೆ ನದಿಗೆ ಬಿಟ್ಟರು. ಆದರೆ ಅವು ಗೂನುಬೆನ್ನಿನ ಮಶೀರ್ ಮರಿಗಳಲ್ಲ, ನೀಲಿರೆಕ್ಕೆಯ ಬೇರೆ ಮಶೀರ್. ಈಗ ಕಾವೇರಿಯಲ್ಲಿ ಅವೇ ಹೆಚ್ಚು, ಮೂಲದವು ಅಪರೂಪ. ಮರಿ ಮರಿಯೇ ಅಲ್ವಾ ಅಂತ ಬಿಟ್ಟರೆ ಹೀಗಾಗುತ್ತೆ.

ಇದನ್ನೆಲ್ಲ ಒಳ್ಳೇ ಕಥೆ ಅಂತ ಕೇಳಿ ನಾನು ನಿದ್ದೆ ಹೊಡೆದೆ. ಸಂಜೆ ಹೊತ್ತಿಗೆ ಅದೇ ಕಥೆ ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತೆ ಅಂತ ಗೊತ್ತಿರಲಿಲ್ಲ.

ಎರಡು ಚೀಲ, ನಾನೂರು ಮರಿ

ಚಿಕ್ಕಪ್ಪನಿಗೆ ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಅರ್ಧ ಸೊರಗಿದೆ. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೋದ ವರ್ಷ ತೋಟದ ತಲೆಯಲ್ಲಿ ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಒಂದು ಕೃಷಿ ಹೊಂಡ ತೆಗೆಸಿದ್ದರು. ನೀರೂ ಆಯ್ತು, ಮೀನು ಬಿಟ್ಟರೆ ನಾಲ್ಕು ಕಾಸೂ ಆಯ್ತು ಅಂತ ಲೆಕ್ಕ. ಆ ಸಂಜೆ ಒಬ್ಬ ವ್ಯಾಪಾರಿ ಜೀಪಿನಲ್ಲಿ ಬಂದು, ಆಮ್ಲಜನಕ ತುಂಬಿದ ಎರಡು ಪಾಲಿಥೀನ್ ಚೀಲ ಇಳಿಸಿ ಹೋದ. ಕಾಟ್ಲಾ, ರೋಹು, ಮೃಗಾಲ್ ಸೇರಿ ನಾನೂರು ಮರಿ. ಒಂದೊಂದೂ ಒಂದು ಇಂಚಿನ ಮೇಲೆ.

ಚೀಲವನ್ನು ಹಾಗೇ ಹೊಂಡದ ನೀರಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಬೇಕು, ಒಳಗಿನ ಬಿಸಿಯೂ ಹೊರಗಿನ ಬಿಸಿಯೂ ಒಂದಾಗಬೇಕು. ತೇಲಿಬಿಟ್ಟೆವು. ಅಷ್ಟರಲ್ಲಿ ತಂಗಿ ಅಭ್ಯಾಸಬಲದಿಂದ ಒಂದು ಚೊಂಬು ಮರಿಗಳನ್ನು ಬಿಳಿ ತಟ್ಟೆಗೆ ಹಾಕಿಕೊಂಡು ನೋಡುತ್ತಾ ಕೂತಳು.

'ನೋಡಿಲ್ಲಿ' ಅಂತ ನನಗೆ ತೋರಿಸಿದಳು. ತಲೆ ದೊಡ್ಡದು, ಬಾಯಿ ಮೇಲಕ್ಕೆ ತಿರುಗಿದೆ, ಬಾಲದ ಬುಡದಲ್ಲಿ ಕಪ್ಪು ಗುರುತಿಲ್ಲ, ಕಿವಿರಿನ ಹತ್ತಿರ ಒಳಗಿಂದ ಕೆಂಪು ಹೊಳೆಯುತ್ತೆ: ಅದು ಕಾಟ್ಲಾ. ಬಾಲದ ಬುಡದಲ್ಲಿ ಪಟ್ಟಿಯಂತೆ ಕಪ್ಪು, ತುಟಿಗೆ ಜಾಲರಿ ಅಂಚು: ಅದು ರೋಹು. ಮೈ ಸಪೂರ, ಬಾಲದ ಬುಡದಲ್ಲಿ ಮೂಲೆಯಿರುವ ಕಪ್ಪು ಚುಕ್ಕಿ: ಅದು ಮೃಗಾಲ್. ನಾನು ಮೂರನ್ನೂ ಗುರುತಿಸಿ ಬೀಗಿದೆ. ಐದು ವರ್ಷದವನು ನನಗಿಂತ ಬೇಗ ಕಲಿತ.

ಆಮೇಲೆ ಅವಳು ಸುಮ್ಮನಾದಳು. 'ಇದು ಇವು ಮೂರೂ ಅಲ್ಲ' ಅಂದಳು.

ಅದು ಉಳಿದವಕ್ಕಿಂತ ಸ್ವಲ್ಪ ಗಿಡ್ಡ. ಮೈಮೇಲೆ ತೆಳ್ಳಗೆ ಅಡ್ಡಗೆರೆ. ಬೆನ್ನ ಮೇಲಿನ ರೆಕ್ಕೆ ಬೆನ್ನಿನುದ್ದಕ್ಕೂ ಇತ್ತು, ಮುಂದಿನ ಭಾಗ ಮುಳ್ಳುಮುಳ್ಳು. ಆ ರೆಕ್ಕೆಯ ಹಿಂಭಾಗದ ಬುಡದಲ್ಲಿ, ಪೆನ್ನಿನ ತುದಿ ತಾಗಿಸಿದ ಹಾಗೆ ಒಂದು ಕಪ್ಪು ಬೊಟ್ಟು. ಆ ಬೊಟ್ಟು ತಿಲಾಪಿಯಾ ಮರಿಯ ಗುರುತು. ನಮ್ಮ ಸಂತೆಗಳಲ್ಲಿ ಜಿಲೇಬಿ ಮೀನು ಅಂತಾರಲ್ಲ, ಅದು. ಆಫ್ರಿಕಾದಿಂದ 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಇನ್ನೊಂದು ಚೊಂಬು ತೆಗೆದು ನೋಡಿದಳು. ಅದರಲ್ಲಿ ಎರಡು ಇದ್ದವು.

ಚಿಕ್ಕಪ್ಪ ವ್ಯಾಪಾರಿಗೆ ಫೋನ್ ಮಾಡಿದರು. 'ಒಂದೆರಡು ಸೇರಿರುತ್ತೆ ಬಿಡಿ, ಅದೂ ಮೀನೇ ಅಲ್ವಾ' ಅಂದನಂತೆ. ಚಿಕ್ಕಪ್ಪನಿಗೂ ಅದೇ ಸರಿ ಅನ್ನಿಸಿತು. 'ಜಿಲೇಬಿ ಬೇಗ ಬೆಳೀತದೆ, ತಿನ್ನಕ್ಕೂ ಆಗ್ತದೆ. ಎಂತ ಆಗ್ತದೆ ಬಿಡು.'

ತಂಗಿ ಕೇಳಲಿಲ್ಲ. ಜಿಲೇಬಿ ಕೆಲವೇ ತಿಂಗಳಿಗೆ ಮರಿ ಹಾಕೋಕೆ ಶುರು ಮಾಡುತ್ತೆ. ಗಂಡು ತಳದಲ್ಲಿ ಗುಂಡಿ ತೋಡುತ್ತೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಮರಿಗಳು ಈಜಾಡೋಕೆ ಕಲಿತ ಮೇಲೂ ಹೆದರಿಕೆಯಾದರೆ ಓಡಿಬಂದು ಅಮ್ಮನ ಬಾಯಿ ಹೊಕ್ಕುತ್ತವೆ. ಹಾಗಾಗಿ ಸಾಯೋದು ಕಡಿಮೆ. ವರ್ಷಕ್ಕೆ ಒಂದು ಸಲ ಅಲ್ಲ, ಮತ್ತೆ ಮತ್ತೆ. ವರ್ಷದೊಳಗೆ ಹೊಂಡ ತುಂಬ ಅಂಗೈಯಷ್ಟರ ಜಿಲೇಬಿ, ಕಾಟ್ಲಾಗೆ ಮೇವಿಲ್ಲ.

ಚಿಕ್ಕಪ್ಪ ಸುಮ್ಮನೆ ಬಿಡುವವರಲ್ಲ. 'ನಿನ್ನ ಕಾಟ್ಲಾ ಎಲ್ಲಿಯದ್ದು? ಗಂಗೆಯದ್ದು. ಅದೂ ಹೊರಗಿನದ್ದೇ ಅಲ್ದಾ?'

ಒಳ್ಳೇ ಪ್ರಶ್ನೆ. ತಂಗಿ ಒಪ್ಪಿಕೊಂಡಳು. 'ಹೌದು ಅಪ್ಪ, ಅದೂ ಹೊರಗಿನದ್ದೇ. ಆದರೆ ಕಾಟ್ಲಾ ನಿಂತ ನೀರಲ್ಲಿ ತಾನಾಗಿ ಮೊಟ್ಟೆ ಇಡೋದಿಲ್ಲ. ನಾವು ನಾನೂರು ಬಿಟ್ಟರೆ ನಾನೂರೇ. ಜಿಲೇಬಿ ಹಾಗಲ್ಲ. ಮತ್ತೆ ನಮ್ಮ ಹೊಂಡದ ಕೋಡಿ ಎಲ್ಲಿಗೆ ಹೋಗ್ತದೆ?'

ಕೋಡಿ ಹಳ್ಳಕ್ಕೆ ಹೋಗುತ್ತೆ. ಹಳ್ಳ ತುಂಗೆಗೆ ಹೋಗುತ್ತೆ. ಎಲ್ಲರಿಗೂ ಗೊತ್ತಿತ್ತು. ಅದೇ ಹೊತ್ತಿಗೆ ಆಗುಂಬೆ ಕಡೆ ಆಕಾಶ ಕಪ್ಪಾಗಿ ಗುಡುಗಿತು.

ಹೆಡ್‌ಲ್ಯಾಂಪ್ ಬೆಳಕಲ್ಲಿ

ಆ ರಾತ್ರಿ ಒಂಬತ್ತಕ್ಕೆ ಶುರುವಾದ ಮಳೆ ನಿಲ್ಲಲಿಲ್ಲ. ಕರೆಂಟು ಹೋಯಿತು. ಕೊಟ್ಟಿಗೆಯ ಪಕ್ಕದ ಕಟ್ಟೆಯಲ್ಲಿ ನಾಲ್ಕು ದೊಡ್ಡ ಬೇಸಿನ್, ಎರಡು ಬಿಳಿ ತಟ್ಟೆ, ಮೂರು ಚಮಚ, ಎರಡು ಹೆಡ್‌ಲ್ಯಾಂಪ್, ನನ್ನ ಫೋನಿನ ಟಾರ್ಚು. ಹತ್ತು ಹತ್ತು ಮರಿಯಂತೆ ತಟ್ಟೆಗೆ ಹಾಕೋದು, ಬೆನ್ನ ರೆಕ್ಕೆ ನೋಡೋದು, ಕಪ್ಪು ಬೊಟ್ಟು ಇದ್ದದ್ದನ್ನು ಚಮಚದಲ್ಲಿ ಎತ್ತಿ ಬೇರೆ ಬೇಸಿನ್‌ಗೆ. ಉಳಿದವು ಹೊಂಡಕ್ಕೆ.

ಹೇಳಿದಷ್ಟು ಸುಲಭ ಅಲ್ಲ. ಮರಿ ಒಂದು ಕ್ಷಣ ನಿಲ್ಲೋದಿಲ್ಲ. ಬೊಟ್ಟು ಕೆಲವದರಲ್ಲಿ ದಟ್ಟ, ಕೆಲವದರಲ್ಲಿ ಮಸುಕು. ರೆಕ್ಕೆ ಮಡಚಿಕೊಂಡರೆ ಬೊಟ್ಟೇ ಕಾಣೋದಿಲ್ಲ, ರೆಕ್ಕೆ ಬಿಚ್ಚುವ ತನಕ ಕಾಯಬೇಕು. ಅನುಮಾನ ಬಂದದ್ದನ್ನು ನಾನು ಫೋನಿನಲ್ಲಿ ವಿಡಿಯೊ ಮಾಡಿ ನಿಲ್ಲಿಸಿ ನೋಡುತ್ತಿದ್ದೆ. ಇತ್ತ ಬೇಸಿನ್‌ನಲ್ಲಿ ಗುಂಪಾಗಿದ್ದ ಮರಿಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಗಾಳಿ ಊದುವ ಯಂತ್ರ ಇಲ್ಲ, ಇದ್ದರೂ ಕರೆಂಟಿಲ್ಲ. ಚಿಕ್ಕಪ್ಪ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದೂ ಮಾತಾಡದೆ ಚೊಂಬು ತಗೊಂಡು, ಬೇಸಿನ್‌ನ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿಯತೊಡಗಿದರು. ನೊರೆ ಎದ್ದು ಮರಿಗಳು ಮತ್ತೆ ತಳಕ್ಕಿಳಿದವು. ಹನ್ನೊಂದೂವರೆ ತನಕ ಅವರು ಕೈ ನಿಲ್ಲಿಸಲಿಲ್ಲ.

ಆ ಹೊತ್ತಲ್ಲೇ ತಂಗಿ ಹೇಳಿದ್ದು: ಈ ಆರಿಸುವ ಕೆಲಸ ಒಂದು ಕಾಲದಲ್ಲಿ ದೇಶದ ಮೀನು ಸಾಕಣೆಯ ಮುಖ್ಯ ಕೆಲಸ ಆಗಿತ್ತಂತೆ. ಆಗ ಮೀನು ಬಿತ್ತನೆ ಬರುತ್ತಿದ್ದದ್ದು ಹರಿಯುವ ನದಿಗಳಿಂದಲೇ. ಮಳೆಗಾಲದಲ್ಲಿ ಗಂಗೆಯಂಥ ನದಿಗಳಲ್ಲಿ ಬಲೆಯೊಡ್ಡಿ ಮರಿ ಹಿಡಿಯುವರು. ಅದರಲ್ಲಿ ಬೇಕಾದದ್ದೂ ಬರುತ್ತಿತ್ತು, ಬೇಡವಾದದ್ದೂ ಬರುತ್ತಿತ್ತು, ಬೇರೆ ಮರಿಗಳನ್ನೇ ತಿನ್ನುವ ಮೀನಿನ ಮರಿಯೂ ಬರುತ್ತಿತ್ತು. ಹಾಗಾಗಿ ಇಷ್ಟು ಚಿಕ್ಕದರಲ್ಲೇ ಯಾವುದು ಯಾವುದು ಅಂತ ತಿಳಿಯಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧರಿ ಮತ್ತು ಡಾ. ಆಲಿಕುಂಞಿ ಹಾರ್ಮೋನು ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸೋದು. ಆಮೇಲೆ ಬಿತ್ತನೆ ಹ್ಯಾಚರಿಗಳಿಂದ ಬರತೊಡಗಿತು. ಕಣ್ಣಿಂದ ನೋಡಿ ಆರಿಸುವವರು ಕಡಿಮೆಯಾದರು. ಚೀಲದ ಮೇಲೆ ಬರೆದ ಹೆಸರು ನಂಬೋದು ನಮಗೆ ಅಭ್ಯಾಸ ಆಯ್ತು.

ಕೊನೆಗೆ ಲೆಕ್ಕ ಹಾಕಿದೆವು. 352 ಮರಿ ಹೊಂಡ ಸೇರಿದವು. 31 ಜಿಲೇಬಿ. 17 ಸತ್ತಿದ್ದವು. ಆ ಹದಿನೇಳನ್ನು ಅಂಗೈಯಲ್ಲಿ ಹಿಡಿದು ಚಿಕ್ಕಪ್ಪ ಏನೋ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ತೆಂಗಿನ ಬುಡಕ್ಕೆ ಹಾಕಿ ಬಂದರು.

ಮೂವತ್ತೊಂದು ಜಿಲೇಬಿಗಳನ್ನು ಏನು ಮಾಡೋದು? ಹುಡುಗ ನಿದ್ದೆ ಹೋಗಿದ್ದು ಒಳ್ಳೇದಾಯ್ತು. ಅವುಗಳ ತಪ್ಪೇನೂ ಇರಲಿಲ್ಲ. ಯಾರೋ ಹಿಡಿದು ಚೀಲಕ್ಕೆ ತುಂಬಿದ್ದರು. ಬಾವಿಗೆ ಹಾಕೋಣ ಅಂತ ನಾನು ಅಂದೆ. ಬಾವಿಯಿಂದ ಮುಂದೆ ಯಾರಾದರೂ ಕೊಡದಲ್ಲಿ ಎತ್ತಿ ಕೆರೆಗೆ ಹಾಕುತ್ತಾರೆ ಅಂದಳು ತಂಗಿ. ಬೆಳಗ್ಗೆ ಅವು ಮನೆಯ ಬಾತುಕೋಳಿಗಳಿಗೆ ಹೋದವು. ನಾನು ಆ ಕಡೆ ನೋಡಲಿಲ್ಲ. ತಂಗಿ ನೋಡಿದಳು.

ಹತ್ತುಮೀನು

ಬೆಳಗಿನ ಜಾವ ಐದಕ್ಕೆ ಚಿಕ್ಕಪ್ಪ ಎಬ್ಬಿಸಿದರು. 'ಬಾ, ಹತ್ತುಮೀನು ನೋಡು.'

ಮಲೆನಾಡಿನವರಿಗೆ ಇದು ಗೊತ್ತು. ಮೊದಲ ಜೋರು ಮಳೆಗೆ ಹೊಸನೀರು ಇಳಿದಾಗ ಹೊಳೆಯ ಮೀನುಗಳು ಹರಿವಿಗೆ ಎದುರಾಗಿ ಹಳ್ಳ ಹತ್ತುತ್ತವೆ, ಗದ್ದೆಗೆ ಬರುತ್ತವೆ. ಮೊಟ್ಟೆಯಿಡಲು ತೆಳು ನೀರು ಬೇಕು ಅವಕ್ಕೆ. ಜನ ಕೂಣಿ ಒಡ್ಡಿ, ಟಾರ್ಚು ಹಿಡಿದು, ಕತ್ತಿ ಹಿಡಿದು ಕಾಯುತ್ತಾರೆ. ನಾನು ಚಿಕ್ಕವನಿದ್ದಾಗ ಹತ್ತುಮೀನಿನ ಸಾರಿಗಿಂತ ಅದರ ಮೊಟ್ಟೆಯ ಹುರುಕಲಿಗೆ ಜಗಳ ಆಡುತ್ತಿದ್ದೆ. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನೇ ರುಚಿ ಅಂತ ಅಜ್ಜಿ ಹೇಳುತ್ತಿದ್ದರು. ಆ ಮೊಟ್ಟೆ ಒಂದೊಂದೂ ಒಂದು ಮೀನು ಆಗಬಹುದಿತ್ತು ಅಂತ ಮನೆಯಲ್ಲಿ ಯಾರೂ ಯೋಚಿಸಿದ ನೆನಪಿಲ್ಲ. ಆಗ ಮೀನೂ ಹಾಗೇ ಬರುತ್ತಿತ್ತು, ಕೂಣಿ ತುಂಬಿ ಹರಿಯುವಷ್ಟು. ಕರಾವಳಿಯಲ್ಲಿ ಇದೇ ಕಾರಣಕ್ಕೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯೋದಿಲ್ಲ. ನಮ್ಮ ಹಳ್ಳಗಳಲ್ಲಿ ಮೀನಿಗೆ ಮದುವೆಯ ದಿನವೇ ನಮಗೆ ಹಬ್ಬ.

ಚಿಕ್ಕಪ್ಪನ ಕೈಯಲ್ಲಿ ಕೂಣಿ ಇರಲಿಲ್ಲ. ಟಾರ್ಚು ಮಾತ್ರ ಇತ್ತು. ಗದ್ದೆಯ ಅಂಚಿನ ತೂಬಿನಲ್ಲಿ ಕೆಂಪು ನೀರು ಧುಮುಕುತ್ತಿತ್ತು. ಅದರೊಳಗೆ ಬೆಳ್ಳಿಯ ಚೂರುಗಳು ಮೇಲಕ್ಕೆ ಹಾರುತ್ತಿದ್ದವು. ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ನಾವು ನೋಡುತ್ತಾ ನಿಂತೆವು. ಹೆಚ್ಚೇನಿಲ್ಲ, ಅರ್ಧ ಗಂಟೆಗೆ ಒಂದು ಮೂವತ್ತು ನಲವತ್ತು. ತೂಬು ದಾಟಿದವು ಹಳ್ಳದಲ್ಲಿ ಮುಂದೆ ಸಾಗಿ, ನೇರವಾಗಿ ನಮ್ಮ ಹೊಂಡದ ಕೋಡಿ ಬೀಳುವ ಜಾಗಕ್ಕೇ ಬಂದವು. ಅಲ್ಲಿ ನೀರು ಹೊಂಡದ ದಂಡೆಯಿಂದ ಇನ್ನು ಒಂದು ಗೇಣು ಮಾತ್ರ ಕೆಳಗಿತ್ತು. ಇನ್ನೊಂದು ದಿನದ ಮಳೆಗೆ ಕೋಡಿ ಬೀಳುತ್ತಿತ್ತು. ಇವು ಹತ್ತುತ್ತಿದ್ದ ದಾರಿಯಲ್ಲೇ ಅವು ಇಳಿಯುತ್ತಿದ್ದವು.

ಚಿಕ್ಕಪ್ಪ ಬಹಳ ಹೊತ್ತು ಅದನ್ನೇ ನೋಡಿದರು. 'ಕೋಡಿಗೆ ಬಲೆ ಬೇಕು. ಸಣ್ಣ ಕಣ್ಣಿಂದು' ಅಂದರು. ಮಧ್ಯಾಹ್ನದೊಳಗೆ ತೀರ್ಥಹಳ್ಳಿ ಪೇಟೆಗೆ ಹೋಗಿ ತಂದು, ಎರಡು ಪದರ ಮಾಡಿ ಬಿಗಿದೆವು. ಕಾಟ್ಲಾ ಕೂಡ ಹಳ್ಳಕ್ಕೆ ಹೋಗಬಾರದು ಅನ್ನೋದು ತಂಗಿಯ ಷರತ್ತು.

ಮತ್ತೆ ಜುಲೈನಲ್ಲಿ

ಜುಲೈ ಕೊನೆಗೆ ಮತ್ತೆ ಹೋದೆ. ಈ ಸಲ ಶಿವಮೊಗ್ಗದಿಂದ ಹಗಲಲ್ಲಿ ಬಂದೆ. ಗಾಜನೂರಿನ ಅಣೆಕಟ್ಟು ತುಂಬಿತ್ತು. ಕೆಳಗಿಂದ ಹತ್ತಿಬರುವ ಮೀನು ಅಲ್ಲಿ ಏನು ಮಾಡುತ್ತೆ ಅಂತ ಮೊದಲ ಸಲ ಯೋಚಿಸಿದೆ. ಮಂಡಗದ್ದೆಯಲ್ಲಿ ಬಸ್ ನಿಂತಾಗ ತುಂಗೆಯ ನಡುವಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಅವು ಇಲ್ಲಿ ಮರಿ ಮಾಡೋದು ಮಳೆಗಾಲದಲ್ಲಿ. ಹೊಳೆಯಲ್ಲಿ ಮೀನು ಮರಿಗಳು ತುಂಬಿರುವ ಕಾಲವೂ ಅದೇ. ಇಷ್ಟು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ್ದೇನೆ, ಹಕ್ಕಿಗಳ ಫೋಟೊ ತೆಗೆದಿದ್ದೇನೆ, ಎರಡನ್ನೂ ಕೂಡಿಸಿ ನೋಡಿರಲಿಲ್ಲ.

ಅಕ್ಕನ ಮಗ ಬಿಳಿ ತಟ್ಟೆ ಹಿಡಿದು ಕಾಯುತ್ತಿದ್ದ. ಗದ್ದೆಯಂಚಿನ ತೆಳು ನೀರಲ್ಲಿ ಒಂದು ಕಡೆ ನೀರು ಮಳೆ ಹನಿ ಬಿದ್ದ ಹಾಗೆ ಗುಳುಗುಳು ಅನ್ನುತ್ತಿತ್ತು, ಆದರೆ ಮಳೆ ಇರಲಿಲ್ಲ. ಹತ್ತಿರ ಹೋದರೆ ನೂರಾರು ಕಿತ್ತಳೆ ಬಣ್ಣದ ಕಡ್ಡಿಗಳು ಒಟ್ಟಾಗಿ ಮೇಲೆ ಬಂದು ಗಾಳಿ ಕುಡಿದು ಒಟ್ಟಾಗಿ ಇಳಿಯುತ್ತಿದ್ದವು. ಕೆಳಗೆ ಒಂದು ಕಪ್ಪು ನೆರಳು ನಿಂತಿತ್ತು.

'ಕೊರವ ಮೀನಿನ ಪಾಪುಗಳು. ಕೆಳಗಿರೋದು ಕಾವಲು' ಅಂದ ಹುಡುಗ. ತಂಗಿ ಹೇಳಿಕೊಟ್ಟಿದ್ದಳು. ಅವಕ್ಕೆ ತಟ್ಟೆ ಹಾಕಬಾರದು, ಕಾವಲಿಗೆ ಗಾಬರಿಯಾಗುತ್ತೆ ಅನ್ನೋದನ್ನೂ ಹೇಳಿಕೊಟ್ಟಿದ್ದಳು.

ನೀವೂ ನೋಡಬೇಕೆಂದರೆ ಹೆಚ್ಚೇನೂ ಬೇಡ. ಬಿಳಿ ತಟ್ಟೆ, ಒಂದು ಸೌಟು, ಫೋನು. ಬೆರಳು ಒದ್ದೆ ಇರಲಿ, ತಟ್ಟೆ ನೆರಳಲ್ಲಿರಲಿ. ಮೇಲಿಂದ ತೆಗೆದ ಫೋಟೊಗಿಂತ ಗಾಜಿನ ಲೋಟದಲ್ಲಿಟ್ಟು ಪಕ್ಕದಿಂದ ತೆಗೆದದ್ದು ಕೆಲಸಕ್ಕೆ ಬರುತ್ತೆ, ರೆಕ್ಕೆ ಬಾಲ ಎಲ್ಲ ಕಾಣುತ್ತೆ. ಪಕ್ಕದಲ್ಲಿ ಒಂದು ಸ್ಕೇಲ್ ಇದ್ದರೆ ಅಳತೆಯೂ ಸಿಗುತ್ತೆ. ಒಂದೆರಡು ನಿಮಿಷ, ಅಷ್ಟೇ. ತೆಗೆದ ಜಾಗಕ್ಕೇ ವಾಪಸ್ ಬಿಡಬೇಕು. ಬೇರೆ ಹಳ್ಳಕ್ಕೆ, ಬೇರೆ ಕೆರೆಗೆ ಖಂಡಿತ ಅಲ್ಲ. ಮತ್ಸ್ಯಧಾಮದ ನೀರಲ್ಲಿ ಇದೂ ಬೇಡ.

ಚಿಕ್ಕಪ್ಪನ ಹೊಂಡದಲ್ಲಿ ಮರಿಗಳು ಬೆರಳುದ್ದ ಆಗಿವೆ. ನಾವು ಆರಿಸುವಾಗ ಒಂದೆರಡು ಜಿಲೇಬಿ ತಪ್ಪಿಸಿಕೊಂಡಿರಬಹುದು. ಮಸುಕು ಬೊಟ್ಟಿನ ಕೆಲವನ್ನು ಕರೆಂಟಿಲ್ಲದ ರಾತ್ರಿಯಲ್ಲಿ ನೋಡಿ ಬಿಟ್ಟವರು ನಾವು. ಚಿಕ್ಕಪ್ಪ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ದಂಡೆಯ ಮೇಲೆ ನಿಂತು, ತಳದಲ್ಲಿ ಗುಂಡಿ ತೋಡಿದ ಗುರುತು ಇದೆಯಾ ಅಂತ ನೋಡುತ್ತಾರೆ. ಇಲ್ಲಿವರೆಗೆ ಕಂಡಿಲ್ಲವಂತೆ. ಮಳೆ ಜಾಸ್ತಿಯಾದಾಗಲೆಲ್ಲ ರಾತ್ರಿ ಎದ್ದು ಹೋಗಿ ಕೋಡಿಯ ಬಲೆಗೆ ಸಿಕ್ಕ ಎಲೆ ಕಸ ತೆಗೆದು ಬರುತ್ತಾರೆ ಅಂತ ಚಿಕ್ಕಮ್ಮ ಹೇಳಿದರು.

ವಾಪಸ್ ಹೊರಡುವ ದಿನ ಮತ್ತೆ ಚಿಪ್ಪಲಗುಡ್ಡೆಗೆ ಹೋದೆವು. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮೀನುಗಳು ಕಾಣಲಿಲ್ಲ. ಯಾರೋ ಒಬ್ಬರು ತಮ್ಮ ಪುಟ್ಟ ಮಗಳಿಗೆ 'ಇಲ್ಲಿ ದೊಡ್ಡ ದೊಡ್ಡ ಮೀನು ಇರ್ತಾವೆ, ಈಗ ಎಲ್ಲಾ ಹೋಗಿಬಿಟ್ಟಿವೆ' ಅಂತ ಹೇಳುತ್ತಿದ್ದರು. ನಮ್ಮ ಹುಡುಗ ಅವಳ ಹತ್ತಿರ ಹೋಗಿ, ನೀರಿಗಲ್ಲ, ದೂರದ ಗದ್ದೆ ಬಯಲಿನ ಕಡೆ ಕೈ ತೋರಿಸಿದ.

'ಅವರ ಪಾಪುಗಳು ಅಲ್ಲಿರ್ತಾವೆ' ಅಂದ.

ಮಶೀರ್ ಗದ್ದೆಗೆ ಬರೋದಿಲ್ಲ, ಕಲ್ಲು ಜಲ್ಲಿಯಿರುವ ಹರಿಯುವ ನೀರಲ್ಲಿ ಮೊಟ್ಟೆಯಿಡುತ್ತೆ, ಅದರ ಮರಿ ಕಲ್ಲಿನ ಸಂದಿಯಲ್ಲಿ ತಲೆ ಹುದುಗಿಸಿಕೊಂಡು ಇರುತ್ತೆ ಅಂತ ತಂಗಿ ತಿದ್ದಲು ಹೊರಟಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಅದನ್ನು ಅವನಿಗೆ ಮುಂದಿನ ಮಳೆಗಾಲಕ್ಕೆ ಹೇಳಿದರಾಯ್ತು.